ಎಂಪಿ ಲೆಕ್ಕವನ್ನು ಒಂದೇ ಹಾಳೆಗೆ ಇಳಿಸಿದ್ದು: ನನ್ನ ಅನುಭವ

ಎಂಪಿಯ ಹಾಜರಾತಿ, ಪ್ರಶ್ನೆ, ಮತ, ಚುನಾವಣೆಯ ದುಡ್ಡು, ಸಂಸದರ ನಿಧಿ ಎಲ್ಲವನ್ನೂ ಓದುಗರಿಗಾಗಿ ಒಂದೇ ಹಾಳೆಯಲ್ಲಿ ಹಾಕುತ್ತೇನೆ ಅಂತ ಹೊರಟಾಗ, ತುಮಕೂರಿನಲ್ಲಿ ನಮ್ಮಂಥ ಸಣ್ಣ ವಾರಪತ್ರಿಕೆ ನಡೆಸುವವರಲ್ಲಿ ಒಬ್ಬರೂ ಇದು ಆಗುತ್ತೆ ಅಂತ ಹೇಳಿರಲಿಲ್ಲ. "ಚುನಾವಣಾ ಖರ್ಚಿನ ಲೆಕ್ಕ ಅಭ್ಯರ್ಥಿಗಳೇ ಬರೆದು, ಅವರೇ ಸಹಿ ಹಾಕಿ ಕೊಟ್ಟಿದ್ದು. ಅದರಲ್ಲಿ ಏನು ಸಿಗುತ್ತೆ ಸ್ವಾಮಿ?" ಅಂತ ನಕ್ಕವರೇ ಜಾಸ್ತಿ. ಈಗ ಅದೇ ಹಾಳೆ ಮಧುಗಿರಿಯಿಂದ ಚಿಂತಾಮಣಿವರೆಗೆ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ನಕ್ಕವರೇ ಫೋನ್ ಮಾಡಿ ಫಾರ್ಮ್ಯಾಟ್ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಅಭ್ಯರ್ಥಿಗಳ ಅಫಿಡವಿಟ್ (ಪ್ರಮಾಣಪತ್ರ) ಎಲ್ಲಿ ಸಿಗುತ್ತೆ, ಆರ್‌ಟಿಐ (ಮಾಹಿತಿ ಹಕ್ಕಿನ ಅರ್ಜಿ) ಹೇಗೆ ಹಾಕಬೇಕು ಅನ್ನೋದೆಲ್ಲ ನಿಮಗೆ ಗೊತ್ತಿರೋದೇ, ಅದನ್ನು ಬಿಟ್ಟುಬಿಡುತ್ತೇನೆ.

ಮೊದಲು ಶುರು ಮಾಡಿದ್ದು ಹಾಜರಾತಿ ಮತ್ತು ಪ್ರಶ್ನೆಗಳಿಂದ. ಶೇಕಡಾವಾರು ಹಾಕಿದರೆ ಹೆಡ್‌ಲೈನ್ ಬರುತ್ತೆ, ಅಷ್ಟೆ. ತುಮಕೂರನ್ನೇ ನೋಡಿ. 2024ರಲ್ಲಿ ಗೆದ್ದ ವಿ. ಸೋಮಣ್ಣ ಕೇಂದ್ರದಲ್ಲಿ ರಾಜ್ಯ ಸಚಿವರಾದರು. ಸಚಿವರು ಹಾಜರಾತಿ ಪುಸ್ತಕಕ್ಕೆ ಸಹಿ ಹಾಕುವುದಿಲ್ಲ, ಪ್ರಶ್ನೆ ಕೇಳುವುದಿಲ್ಲ, ಉತ್ತರ ಕೊಡುತ್ತಾರೆ. "ನಮ್ಮ ಎಂಪಿ ಸೊನ್ನೆ ಪ್ರಶ್ನೆ" ಅಂತ ಪೋಸ್ಟರ್ ಮಾಡಿ ಹಂಚಿದವರಿಗೆ ಇದು ಗೊತ್ತಿಲ್ಲ. ಇನ್ನು ಪ್ರಶ್ನೆ ಕೇಳುವವರ ಪಟ್ಟಿಯಲ್ಲೂ ಒಂದು ತೊಡಕಿದೆ. ಚುಕ್ಕೆ ಗುರುತಿಲ್ಲದ (ಲಿಖಿತ ಉತ್ತರ ಮಾತ್ರ ಸಿಗುವ) ಪ್ರಶ್ನೆ ಒಂದೇ, ಹೆಸರು ಮಾತ್ರ ನಾಲ್ಕೈದು ಸಂಸದರದ್ದು. ಎಲ್ಲರ ಖಾತೆಗೂ ಒಂದೊಂದು ಸೇರುತ್ತೆ. ನಾನು ಎಣಿಸೋದನ್ನು ಬಿಟ್ಟು ಓದಲು ಕೂತೆ. ಕ್ಷೇತ್ರದ ಊರು, ಕೆರೆ, ರೈಲು ಮಾರ್ಗದ ಹೆಸರಿರುವ ಪ್ರಶ್ನೆ ಒಂದು ಕಡೆ, ಉಳಿದದ್ದು ಇನ್ನೊಂದು ಕಡೆ. ಹುಡುಕುವಾಗ ತುಮಕೂರಿನ ಹಳೆ ಇಂಗ್ಲಿಷ್ ಸ್ಪೆಲ್ಲಿಂಗನ್ನೂ ಹಾಕಿ ನೋಡಿ. ಹೆಸರು 2014ರಲ್ಲೇ ಬದಲಾದರೂ ದೆಹಲಿಯ ಕಡತಗಳಿಗೆ ಇನ್ನೂ ಪೂರ್ತಿ ಅಭ್ಯಾಸವಾಗಿಲ್ಲ.

ಮತದ ದಾಖಲೆ ಕೇಳುವ ಓದುಗರೂ ಇದ್ದಾರೆ. ನಮ್ಮಲ್ಲಿ ಬಹುಪಾಲು ಮಸೂದೆ ಧ್ವನಿಮತದಲ್ಲೇ ಮುಗಿಯುತ್ತೆ, ಯಾರು ಯಾವ ಕಡೆ ಅನ್ನೋದು ಕಾಗದದಲ್ಲಿ ಇರೋದಿಲ್ಲ. 2023ರ ಮಹಿಳಾ ಮೀಸಲಾತಿಗೆ 454 ಪರ, 2 ವಿರುದ್ಧ. 2025ರ ವಕ್ಫ್ ತಿದ್ದುಪಡಿಗೆ 288 ಪರ, 232 ವಿರುದ್ಧ. ಹೀಗೆ ಡಿವಿಷನ್, ಅಂದರೆ ಒಬ್ಬೊಬ್ಬರ ಮತ ಎಣಿಸಿ ಅಂತ ಕೇಳಿದಾಗ ಮಾತ್ರ ಹೆಸರು ಸಿಗುತ್ತೆ. ಅಲ್ಲೂ ವಿಪ್ (ಹೀಗೇ ಮತ ಹಾಕಿ ಅಂತ ಪಕ್ಷದ ಆದೇಶ) ಇದ್ದರೆ ಗೊತ್ತಲ್ವಾ. ಹಾಳೆಯಲ್ಲಿ ಇದಕ್ಕೆ ಎರಡೇ ಸಾಲು ಕೊಟ್ಟೆ.

ಅಸಲಿ ಕೆಲಸ ದುಡ್ಡಿನದು. ಎಲ್ಲರೂ ಕೇಳೋದು "ಚುನಾವಣೆಗೆ ಎಷ್ಟು ಖರ್ಚು ಮಾಡಿದ್ರು?" ಅಂತ. ಈ ಪ್ರಶ್ನೆಗೆ ಬರುವ ಉತ್ತರ ಯಾವಾಗಲೂ ಮಿತಿಯೊಳಗೇ ಇರುತ್ತೆ. ಲೋಕಸಭೆಗೆ ನಮ್ಮ ರಾಜ್ಯದಲ್ಲಿ ಮಿತಿ 2014ರಲ್ಲಿ 70 ಲಕ್ಷ, 2022ರಿಂದ 95 ಲಕ್ಷ. ಅದನ್ನು ದಾಟಿದೆ ಅಂತ ಬರೆದುಕೊಡುವ ಅಭ್ಯರ್ಥಿಯನ್ನು ನಾನಂತೂ ಕಂಡಿಲ್ಲ. ನಾನು ಕೇಳಿದ್ದು "ಯಾರ ದುಡ್ಡು?" ಅಂತ. ಅಭ್ಯರ್ಥಿ ಕೊಡುವ ಅದೇ ಖರ್ಚಿನ ಲೆಕ್ಕದ ಕೊನೆಯಲ್ಲಿ ಸ್ವಂತ ಹಣ ಎಷ್ಟು, ಪಕ್ಷ ಕೊಟ್ಟಿದ್ದು ಎಷ್ಟು, ಬೇರೆಯವರ ಸಾಲ, ದೇಣಿಗೆ ಎಷ್ಟು ಅಂತ ಕಲಂಗಳಿವೆ. ಯಾರೂ ಅಲ್ಲಿವರೆಗೆ ಪುಟ ತಿರುವಿ ನೋಡೋದಿಲ್ಲ.

ಅಲ್ಲಿಗೆ ಮುಟ್ಟೋದೇ ಒಂದು ಗೋಳು. ಫಲಿತಾಂಶ ಬಂದ 30 ದಿನದೊಳಗೆ ಅಭ್ಯರ್ಥಿ ಜಿಲ್ಲಾ ಚುನಾವಣಾಧಿಕಾರಿಗೆ ಲೆಕ್ಕ ಕೊಡಬೇಕು. ಚುನಾವಣೆ ನಡೆಸುವ ನಿಯಮಾವಳಿಯ ನಿಯಮ 88ರಲ್ಲಿ ಒಂದು ರೂಪಾಯಿ ಶುಲ್ಕ ಕಟ್ಟಿದರೆ ಯಾರು ಬೇಕಾದರೂ ಅದನ್ನು ನೋಡಬಹುದು. ಆ ಒಂದು ರೂಪಾಯಿ ಕಟ್ಟಿಸಿಕೊಳ್ಳೋದು ಹೇಗೆ ಅಂತ ಒಂದು ಕಚೇರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಚಲನ್ ಇಲ್ಲ, ಲೆಕ್ಕಶೀರ್ಷಿಕೆ ಇಲ್ಲ, ನಾಳೆ ಬನ್ನಿ. ಕೊನೆಗೆ ಆರ್‌ಟಿಐ ಹಾಕಿದೆ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್‌ಗಳ ಒಂದು ಕಟ್ಟೇ ಖಾಲಿಯಾಯಿತು.

ಬಂದ ಪ್ರತಿ ನೋಡಿ ತಲೆ ಕೆಟ್ಟಿತು. ಖರ್ಚಿನ ರಿಜಿಸ್ಟರ್ ಮೂರು ಬಣ್ಣದ್ದು: ದಿನದ ಲೆಕ್ಕ ಬಿಳಿ, ನಗದು ಗುಲಾಬಿ, ಬ್ಯಾಂಕ್ ಹಳದಿ. ಸ್ಕ್ಯಾನ್ ಮಾಡಿದ್ದು ಕಪ್ಪು-ಬಿಳುಪಿನಲ್ಲಿ. ಗುಲಾಬಿ ಹಾಳೆಯೆಲ್ಲ ಮಬ್ಬು ಬೂದಿ, ಅದರ ಮೇಲೆ ಬಾಲ್‌ಪೆನ್ ಅಂಕಿ. ಮೂರು ಭಾಗ ಕಲಸಿಹೋಗಿತ್ತು. ಓಸಿಆರ್ (ಚಿತ್ರದಿಂದ ಅಕ್ಷರ ಓದುವ ತಂತ್ರಾಂಶ) ಹಾಕಿದರೆ "ಶಾಮಿಯಾನ" ಅನ್ನೋದು ಏನೇನೋ ಆಗುತ್ತಿತ್ತು. ಬಿ.ಕಾಂ. ಓದುವ ಒಬ್ಬ ಹುಡುಗಿಗೆ ಪುಟಕ್ಕೆ ಇಷ್ಟು ಅಂತ ಕೊಟ್ಟು ಕೈಯಲ್ಲೇ ಹೊಡೆಸಿದೆ. ಮಬ್ಬು ಜಾಸ್ತಿ ಇರುವ ಪುಟ ಗುಲಾಬಿ ಅಂತ ಕಂಡುಹಿಡಿದವಳು ಅವಳೇ. ಅವಳ ಕೂಲಿಯೇ ಏಳೆಂಟು ಸಾವಿರ ಆಯಿತು. ಒಟ್ಟು ನನ್ನ ಕೈಯಿಂದ ಹೆಚ್ಚುಕಡಿಮೆ ಇಪ್ಪತ್ತು ಸಾವಿರ ಹೋಗಿದೆ. ಸುದ್ದಿ ತಿಳಿದ ಒಬ್ಬ ಜಾಹೀರಾತುದಾರರು ತಮ್ಮ ಕಾಲುಪುಟ ವಾಪಸ್ ತೆಗೆದುಕೊಂಡರು, ಅದು ಬೇರೆ.

ಆಮೇಲೆ ಎರಡು ಲೆಕ್ಕ ಪಕ್ಕಪಕ್ಕ ಇಟ್ಟೆ. ಪಕ್ಷಗಳು ಲೋಕಸಭಾ ಚುನಾವಣೆ ಮುಗಿದ 90 ದಿನದಲ್ಲಿ ಆಯೋಗಕ್ಕೆ ತಮ್ಮದೇ ಲೆಕ್ಕ ಕೊಡಬೇಕು. ಅದರಲ್ಲಿ ಯಾವ ಅಭ್ಯರ್ಥಿಗೆ ಎಷ್ಟು ಕೊಟ್ಟೆವು ಅಂತ ಪಟ್ಟಿ ಇರುತ್ತೆ. ಕೊಟ್ಟವರು ಬರೆದದ್ದು, ತೆಗೆದುಕೊಂಡವರು ಬರೆದದ್ದು, ತಾರೀಖು ಸಮೇತ ಎದುರುಬದುರು. ಅವರೇ ಬರೆದ ಲೆಕ್ಕದಲ್ಲಿ ಏನಿರುತ್ತೆ ಅಂತ ಕೇಳಿದವರಿಗೆ ಇದೇ ಉತ್ತರ: ಒಬ್ಬರೇ ಬರೆದಿಲ್ಲ, ಇಬ್ಬರು ಬರೆದಿದ್ದಾರೆ. ಮೂರನೆಯದು ಚುನಾವಣಾ ಸಿಬ್ಬಂದಿಯ ಶ್ಯಾಡೋ ರಿಜಿಸ್ಟರ್, ಅಂದರೆ ಅಭ್ಯರ್ಥಿಯ ಖರ್ಚನ್ನು ಸಿಬ್ಬಂದಿಯೇ ಗಮನಿಸಿ ಬರೆದಿಡುವ ಲೆಕ್ಕ. ನಾಲ್ಕನೇ ಒಂದು ಕಾಗದವೂ ಇದೆ. ಅದು ಯಾವ ಟೇಬಲ್‌ನಲ್ಲಿ ಇರುತ್ತೆ ಅಂತ ಇಲ್ಲಿ ಬರೆದರೆ ಮುಂದಿನ ಸಲ ಅಲ್ಲಿ ಇರೋದಿಲ್ಲ. ಕ್ಷಮಿಸಿ.

ಮಧ್ಯೆ ಒಂದೆರಡು ಹುಚ್ಚಾಟ ಮಾಡಿದೆ. ಒಂದು ದೊಡ್ಡ ಸಭೆಯ ವಿಡಿಯೋ ಹಿಡಿದು ಕುರ್ಚಿ ಎಣಿಸಿ, ಜಿಲ್ಲಾಡಳಿತದ ದರಪಟ್ಟಿಯಂತೆ ಕುರ್ಚಿ, ಶಾಮಿಯಾನ, ಮೈಕ್‌ಸೆಟ್ ಬೆಲೆ ಕಟ್ಟಿದೆ. ಲೆಕ್ಕವೇನೋ ಚೆನ್ನಾಗಿ ಬಂತು. ಆದರೆ ತಾರಾ ಪ್ರಚಾರಕರ ಓಡಾಟದ ಖರ್ಚು ಪಕ್ಷಕ್ಕೆ ಹೋಗುತ್ತೆ, ವೇದಿಕೆ ಮೇಲೆ ಅಭ್ಯರ್ಥಿ ಕೂತರೆ ಸಭೆಯ ಖರ್ಚು ಅವರ ಲೆಕ್ಕಕ್ಕೆ, ಇಬ್ಬರು ಅಭ್ಯರ್ಥಿಗಳು ಕೂತರೆ ಹಂಚಿಕೆ. ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ. ಅಲ್ಲಿಗೆ ಕುರ್ಚಿ ಎಣಿಕೆ ಕೈಬಿಟ್ಟೆ. ಇನ್ನೊಂದು ಬಾಂಡ್ ವಿಷಯ. ಸುಪ್ರೀಂ ಕೋರ್ಟ್ 2024ರ ಫೆಬ್ರವರಿ 15ಕ್ಕೆ ಚುನಾವಣಾ ಬಾಂಡ್ (ಪಕ್ಷಗಳಿಗೆ ದೇಣಿಗೆ ಕೊಡುವ ಬ್ಯಾಂಕ್ ಪತ್ರ) ರದ್ದು ಮಾಡಿ, ಮಾರ್ಚ್‌ನಲ್ಲಿ ಪಟ್ಟಿ ಹೊರಬಂದಾಗ "ನಮ್ಮ ಎಂಪಿಗೆ ಎಷ್ಟು?" ಅಂತ ಫೋನ್ ಮೇಲೆ ಫೋನ್. ಬಾಂಡ್ ನಂಬರ್ ಸಮೇತ ಎಲ್ಲವನ್ನೂ ಜಾಲಾಡಿದೆ. ಜಾಡು ಪಕ್ಷದ ಖಾತೆಗೆ ಬಂದು ನಿಲ್ಲುತ್ತೆ. ಅಲ್ಲಿಂದ ತುಮಕೂರಿಗೋ ಕೋಲಾರಕ್ಕೋ ಎಷ್ಟು ಇಳಿಯಿತು ಅಂತ ಹೇಳೋದು ನಾನು ಮೇಲೆ ಹೇಳಿದ "ಪಕ್ಷ ಕೊಟ್ಟಿದ್ದು" ಅನ್ನೋ ಆ ಕಲಂ ಒಂದೇ.

ಕ್ಷೇತ್ರದ ಕೆಲಸಗಳಿಗೆ ಸಿಗುವ ಸಂಸದರ ನಿಧಿ ಬಗ್ಗೆ ಒಂದು ಮಾತು. ವರ್ಷಕ್ಕೆ 5 ಕೋಟಿ, ಐದು ವರ್ಷಕ್ಕೆ 25 ಕೋಟಿ ಅಂತ ಲೆಕ್ಕ ಹಿಡಿದು 2019–24ರ ಸಂಸದರಿಗೆ ಫೇಲ್ ಮಾರ್ಕು ಕೊಟ್ಟವರು ಬಹಳ ಜನ. ಕೋವಿಡ್‌ನಲ್ಲಿ 2020–21ಕ್ಕೆ ಏನೂ ಇರಲಿಲ್ಲ, 2021–22ಕ್ಕೆ ಸಿಕ್ಕಿದ್ದು 2 ಕೋಟಿ. ಒಟ್ಟು ಅರ್ಹತೆ 17 ಕೋಟಿ. ಅಲ್ಲದೆ ಸಂಸದರು ಶಿಫಾರಸು ಮಾಡುತ್ತಾರೆ, ಮಂಜೂರಾತಿ ಜಿಲ್ಲಾಡಳಿತದ್ದು. ಶಿಫಾರಸಿನ ತಾರೀಖು ಮತ್ತು ಮಂಜೂರಾತಿ ತಾರೀಖು ಎರಡನ್ನೂ ಹಾಕಿದ ಮೇಲೆ ತಡ ಎಲ್ಲಿ ಆಗುತ್ತೆ ಅಂತ ಹಾಳೆ ತಾನೇ ಹೇಳಿತು. ಒಂದು ಸಮುದಾಯ ಭವನದ ಫೈಲು ಟೇಬಲ್‌ನಿಂದ ಟೇಬಲ್‌ಗೆ ಹೋಗೋದಕ್ಕೆ ಒಂದು ರಾಗಿ ಬೆಳೆ ಬಿತ್ತಿ ಕೊಯ್ಯೋ ಅಷ್ಟು ಹೊತ್ತು ಹಿಡಿದಿತ್ತು.

ಇನ್ನು ಗಡಿಯ ಕಾಟ. ಜಿಲ್ಲೆ ಬೇರೆ, ಕ್ಷೇತ್ರ ಬೇರೆ. ನಮ್ಮ ಶಿರಾ, ಪಾವಗಡ ಚಿತ್ರದುರ್ಗ ಕ್ಷೇತ್ರಕ್ಕೆ, ಕುಣಿಗಲ್ ಬೆಂಗಳೂರು ಗ್ರಾಮಾಂತರಕ್ಕೆ. ಚಿಂತಾಮಣಿ, ಶಿಡ್ಲಘಟ್ಟ ಕೋಲಾರ ಕ್ಷೇತ್ರಕ್ಕೆ. ಚಿಕ್ಕಬಳ್ಳಾಪುರ ಕ್ಷೇತ್ರದ ಎಂಟು ವಿಧಾನಸಭೆಗಳಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯದ್ದು ಮೂರೇ. ಯಲಹಂಕ, ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ, ನೆಲಮಂಗಲ ಎಲ್ಲ ಬೆಂಗಳೂರಿನ ಕಡೆಯವು. ನಿಧಿಯ ಲೆಕ್ಕ ನೋಡಲ್ ಜಿಲ್ಲೆಯಲ್ಲಿ, ಅಂದರೆ ಆ ಎಂಪಿಯ ನಿಧಿ ನೋಡಿಕೊಳ್ಳಲು ಗೊತ್ತುಮಾಡಿದ ಒಂದು ಜಿಲ್ಲೆಯಲ್ಲಿ ಕೂತಿರುತ್ತೆ. ಸುಮ್ನೆ ನಿಮ್ಮೂರ ಡಿಸಿ ಕಚೇರಿಗೆ ಅರ್ಜಿ ಹಾಕಿದರೆ "ಮಾಹಿತಿ ಲಭ್ಯವಿಲ್ಲ" ಅಂತ ಬರುತ್ತೆ, ಅದು ಸುಳ್ಳೂ ಅಲ್ಲ. ನೋಡಲ್ ಯಾವುದು ಅಂತ ಮೊದಲು ಕೇಳಿ, ಆಮೇಲೆ ಪೋಸ್ಟಲ್ ಆರ್ಡರ್ ಕೊಳ್ಳಿ.

ಮೊದಲ ಸಲ ಎರಡು ಸಾವಿರ ಪ್ರತಿ ಹಾಕಿಸಿದ್ದೆ, ಸಂತೆ ದಿನವೇ ಮುಗಿಯಿತು. ಮರುಮುದ್ರಣದಲ್ಲಿ ಹಾಕಿದ ದುಡ್ಡು ಬಂತು, ಚೂರು ಮಿಕ್ಕಿತು ಕೂಡ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರರ ಹಾಳೆಯೂ ಸಿದ್ಧವಿದೆ. ಕುಣಿಗಲ್‌ನವರು ತಮ್ಮದೂ ಬೇಕು ಅಂತ ಪಟ್ಟು ಹಿಡಿದಿದ್ದಾರೆ. ಅವರದು ಬೆಂಗಳೂರು ಗ್ರಾಮಾಂತರ ಕ್ಷೇತ್ರ, ಆ ಲೆಕ್ಕ ನನ್ನೊಬ್ಬನ ಕೈಯಲ್ಲಿ ಆಗಲ್ಲ. ಅದೇ ಕ್ಷೇತ್ರದ ರಾಮನಗರದ ಕಡೆಯ ಗೆಳೆಯರು ಯಾರಾದರೂ ಅರ್ಜಿ ಹಾಕಿ ಪ್ರತಿ ತೆಗೆಸಿದರೆ, ಟೈಪಿಂಗ್ ಖರ್ಚು ನನ್ನದು.