ಕಡಲ ಕುದುರೆ ಮರಿಗಳ ಮೊದಲ ಎರಡು ತಿಂಗಳು

ನಾನಿರುವುದು ಅಮೆರಿಕದ ಫ್ಲಾರಿಡಾದಲ್ಲಿ. ಮನೆಯ ಅಕ್ವೇರಿಯಂನಲ್ಲಿರುವುದು ಹಿಪೋಕ್ಯಾಂಪಸ್ ಎರೆಕ್ಟಸ್ ಜಾತಿಯ ಕಡಲ ಕುದುರೆಗಳು. ಇಲ್ಲಿನ ಅಟ್ಲಾಂಟಿಕ್ ಕರಾವಳಿಯಲ್ಲೇ ಇರುವ ಜಾತಿ ಇದು, ಆದರೆ ನನ್ನ ಜೋಡಿ ಕಡಲಿನಿಂದ ಬಂದದ್ದಲ್ಲ. ತೊಟ್ಟಿಯಲ್ಲೇ ಹುಟ್ಟಿ ಬೆಳೆದದ್ದು. ಕಡಲಿನಲ್ಲಿ ಹಿಡಿದವನ್ನು ಯಾರೂ ಕೊಳ್ಳಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮರಿಗಳ ಫೋಟೋ ಕಳಿಸಿದಾಗಲೆಲ್ಲ ಊರಿನಿಂದ ಒಂದೇ ಪ್ರಶ್ನೆ: "ನಾವೂ ಸಾಕಬಹುದಾ?" ಭಾರತದಲ್ಲಿ ಆಗದು. 2001ರಲ್ಲಿ ಕಡಲ ಕುದುರೆಗಳನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಗೆ ಸೇರಿಸಿದ್ದಾರೆ. ಹಿಡಿಯುವುದು, ಮಾರುವುದು, ಮನೆಯಲ್ಲಿಟ್ಟುಕೊಳ್ಳುವುದು ಎಲ್ಲವೂ ಅಪರಾಧ. ಪಾಕ್ ಕೊಲ್ಲಿ, ಮನ್ನಾರ್ ಕೊಲ್ಲಿಗಳಲ್ಲಿ ಬಲೆಗೆ ಬಿದ್ದವನ್ನು ಒಣಗಿಸಿ ಚೀನೀ ಔಷಧಿಯ ವ್ಯಾಪಾರಕ್ಕೆ ಸಾಗಿಸುತ್ತಿದ್ದರು. ಕಾನೂನು ಬಿಗಿಯಾಗಿರುವುದು ಒಳ್ಳೆಯದೇ. ಹಾಗಾಗಿ ಇದು ನಮ್ಮೂರಿನಲ್ಲಿ ಮಾಡಿ ನೋಡಲು ಬರೆದದ್ದಲ್ಲ. ಸಾಕಲು ಅನುಮತಿಯಿರುವ ದೇಶಗಳಲ್ಲಿರುವ ಕನ್ನಡಿಗರಿಗೆ, ಮತ್ತು ಈ ಜೀವಿಯ ಬಾಲ್ಯ ಹೇಗಿರುತ್ತದೆಂದು ತಿಳಿಯುವ ಆಸೆಯಿದ್ದವರಿಗೆ.

ಬಸಿರಾಗುವುದು ಗಂಡು. ಹೆಣ್ಣು ತನ್ನ ಮೊಟ್ಟೆಗಳನ್ನು ಗಂಡಿನ ಹೊಟ್ಟೆಯ ಚೀಲಕ್ಕೆ ದಾಟಿಸುತ್ತದೆ. ಅಲ್ಲಿಂದ ಸುಮಾರು ಮೂರು ವಾರಕ್ಕೆ, ಹೆಚ್ಚಾಗಿ ನಸುಕಿಗೆ ಮುಂಚೆ, ಹೆರಿಗೆ. ಚೀಲ ಬಿಗಿದು ಹೊಳೆಯತೊಡಗಿದರೆ, ಉಸಿರಾಟ ಜೋರಾದರೆ ಇನ್ನು ತಡವಿಲ್ಲ ಎಂದು ತಿಳಿಯುತ್ತೇನೆ. ಒಂದು ಹೆರಿಗೆಯಲ್ಲಿ ನೂರಾರು ಮರಿ. ಒಂದೊಂದೂ ಸುಮಾರು 1 ಸೆಂಟಿಮೀಟರ್ ಉದ್ದ, ಅಪ್ಪನದೇ ಪಡಿಯಚ್ಚು. ಹೆತ್ತ ಮೇಲೆ ಅಪ್ಪ ಅಮ್ಮ ಇಬ್ಬರೂ ತಿರುಗಿ ನೋಡುವುದಿಲ್ಲ. ಕೆಲವೇ ದಿನಗಳಲ್ಲಿ ಗಂಡು ಮತ್ತೆ ಬಸಿರಾಗುತ್ತದೆ.

ನನ್ನ ಕೆಲಸ ಹೆರಿಗೆಗೆ ಮುಂಚೆಯೇ, ಊಟದಿಂದ ಶುರು. ಕಡಲ ಕುದುರೆಗೆ ಹಲ್ಲಿಲ್ಲ, ಜಠರವೂ ಇಲ್ಲ. ಕೊಳವೆಯಂಥ ಬಾಯಿಂದ ಎಳೆದುಕೊಂಡದ್ದು ನೇರ ಕರುಳಿಗೆ ಹೋಗಿ ಬೇಗನೆ ಹೊರಬೀಳುತ್ತದೆ. ಹೊಟ್ಟೆಯಲ್ಲಿ ಕೂಡಿಟ್ಟುಕೊಳ್ಳುವ ಅನುಕೂಲವೇ ಇಲ್ಲದ್ದರಿಂದ ಹಗಲಿಡೀ ತಿನ್ನುತ್ತಿರಬೇಕು. ಮೇಲಾಗಿ ಮರಿಗಳು ಸತ್ತದ್ದನ್ನು ಮುಟ್ಟುವುದಿಲ್ಲ. ಕಣ್ಣೆದುರು ಅಲುಗಾಡುವ ಜೀವವೇ ಆಗಬೇಕು. ಹೀಗಾಗಿ ಮರಿ ಹುಟ್ಟಿದ ಗಳಿಗೆಗೆ ಸರಿಯಾಗಿ ಅದರ ಆಹಾರವೂ ಹುಟ್ಟಿರಬೇಕು. ಹೆರಿಗೆಯ ಬೆಳಿಗ್ಗೆ ಆ ಆಹಾರದ ಮೊಟ್ಟೆ ನೆನೆಹಾಕಿದರೆ ಮರಿಗಳಿಗೆ ಒಂದು ದಿನ ಉಪವಾಸ. ಅಷ್ಟು ಸಣ್ಣ ದೇಹ ಅದನ್ನು ತಾಳುವುದಿಲ್ಲ.

ಆ ಆಹಾರ ಆರ್ಟೀಮಿಯ, ಅಂದರೆ ಬ್ರೈನ್ ಶ್ರಿಂಪ್ ಎನ್ನುವ ಉಪ್ಪುನೀರಿನ ಪುಟ್ಟ ಸೀಗಡಿ. ಇದರ ಒಣ ಮೊಟ್ಟೆಗಳು ಡಬ್ಬಿಗಳಲ್ಲಿ ಸಿಗುತ್ತವೆ; ಹಲವು ಯೂಟಾ ರಾಜ್ಯದ ಗ್ರೇಟ್ ಸಾಲ್ಟ್ ಲೇಕ್‌ನಿಂದ ಬರುವಂಥವು. ನಾನು ಅವನ್ನು ಹಾಗೇ ನೀರಿಗೆ ಹಾಕುವುದಿಲ್ಲ, ಮೊದಲು ಸಿಪ್ಪೆ ಕರಗಿಸುತ್ತೇನೆ. ಒಂದು ಗಂಟೆ ಸಿಹಿನೀರಿನಲ್ಲಿ ನೆನೆಸಿ, ಬಟ್ಟೆಗೆ ಹಾಕುವ ಬ್ಲೀಚ್ ಬೆರೆಸಿ ಕಲಕುತ್ತಿದ್ದರೆ ಕಂದು ಬಣ್ಣ ಬೂದಿಯಾಗಿ, ಬಿಳಿಯಾಗಿ, ಕೊನೆಗೆ ಕಿತ್ತಳೆಗೆ ತಿರುಗುತ್ತದೆ. ಕಿತ್ತಳೆ ಕಂಡ ಕೂಡಲೇ ನಯವಾದ ಜರಡಿಗೆ ಸುರಿದು ವಾಸನೆ ಹೋಗುವ ತನಕ ತೊಳೆಯಬೇಕು. ಉಳಿದ ಕ್ಲೋರಿನ್ ತೆಗೆಯಲು ಸೋಡಿಯಂ ಥಯೋಸಲ್ಫೇಟ್ ದ್ರಾವಣದಲ್ಲಿ ಅದ್ದಿ ಇನ್ನೊಮ್ಮೆ ತೊಳೆಯುತ್ತೇನೆ. ಇಷ್ಟೆಲ್ಲ ಯಾಕೆಂದರೆ ಗಟ್ಟಿ ಸಿಪ್ಪೆ ಮರಿಯ ಕರುಳಿನಲ್ಲಿ ಸಿಕ್ಕಿಕೊಳ್ಳಬಹುದು, ಸಿಪ್ಪೆಗೆ ಅಂಟಿದ ಬ್ಯಾಕ್ಟೀರಿಯಾ ತೊಟ್ಟಿಗೆ ಇಳಿಯುತ್ತದೆ. ಬ್ಲೀಚ್ ಎರಡೂ ತೊಂದರೆ ನೀಗಿಸುತ್ತದೆ.

ಮೊಟ್ಟೆ ಒಡೆಸಲು ತಳ ಕತ್ತರಿಸಿ ತಲೆಕೆಳಗಾಗಿ ನಿಲ್ಲಿಸಿದ ಎರಡು ಲೀಟರಿನ ಸೋಡಾ ಬಾಟಲಿ ಸಾಕು. ಲೀಟರಿಗೆ 25 ಗ್ರಾಂ ಉಪ್ಪು, 28 ಡಿಗ್ರಿ ಬಿಸಿ, ತಳದಿಂದ ಜೋರಾಗಿ ಗಾಳಿ, ಪಕ್ಕದಲ್ಲೊಂದು ದೀಪ. ಸುಮಾರು 24 ಗಂಟೆಗೆ ನೀರು ಕಿತ್ತಳೆ ಬಣ್ಣದ ಚುಕ್ಕಿಗಳಿಂದ ಕುಣಿಯುತ್ತದೆ. ಗಾಳಿ ನಿಲ್ಲಿಸಿ ಕೆಳಗೆ ಬೆಳಕು ಹಿಡಿದರೆ ಮರಿ ಸೀಗಡಿಗಳು ಬೆಳಕಿನತ್ತ ಗುಂಪುಗೂಡುತ್ತವೆ, ಹೀರಿ ತೆಗೆಯಬಹುದು.

ಆಗಷ್ಟೇ ಒಡೆದ ಸೀಗಡಿಗೆ ಬಾಯಿಯೇ ತೆರೆದಿರುವುದಿಲ್ಲ, ಮೊಟ್ಟೆಯಿಂದ ಬಂದ ಸತ್ವದ ಮೇಲೆ ಬದುಕಿರುತ್ತದೆ. ಮೊದಲ ಒಂದೆರಡು ದಿನ ಅದನ್ನೇ ಕೊಡುತ್ತೇನೆ, ಗಾತ್ರ ಚಿಕ್ಕದು. ಆಮೇಲೆ ಸೀಗಡಿಗಳನ್ನು ಇನ್ನೂ ಅರ್ಧ ದಿನ ಬಿಟ್ಟು, ಒಮ್ಮೆ ಪೊರೆ ಕಳಚಿ ಬಾಯಿ ತೆರೆದ ಮೇಲೆ, ಡಿಎಚ್‌ಎ ಎಂಬ ಕೊಬ್ಬಿನಾಮ್ಲ ಹೆಚ್ಚಿರುವ ಪುಡಿಯನ್ನು ಅವಕ್ಕೆ ತಿನ್ನಿಸುತ್ತೇನೆ. ಆರ್ಟೀಮಿಯದಲ್ಲಿ ಈ ಸತ್ವ ತೀರ ಕಡಿಮೆ. ಅದಿಲ್ಲದೆ ಬೆಳೆದ ಮರಿಗಳು ಕೆಲವು ವಾರ ಚೆನ್ನಾಗಿಯೇ ಕಂಡು, ಆಮೇಲೆ ಕಾರಣ ಕಾಣದೆ ಒಂದೊಂದಾಗಿ ಸೋಲುತ್ತವೆ. ತುಂಬಿಸಿದ ಸೀಗಡಿಯನ್ನು ಫ್ರಿಜ್ಜಿನಲ್ಲಿಟ್ಟುಕೊಂಡು ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪವೇ ಹಾಕುತ್ತೇನೆ. ಹಿಂದಿನ ಹೊತ್ತಿನದು ತೊಟ್ಟಿಯಲ್ಲಿ ಈಜುತ್ತಿದ್ದರೆ ತೆಗೆದು ಹೊಸದು ಹಾಕಬೇಕು. ಹಳತರ ಹೊಟ್ಟೆ ಅಷ್ಟರಲ್ಲಿ ಖಾಲಿಯಾಗಿರುತ್ತದೆ, ಅದನ್ನು ತಿಂದ ಮರಿಗೆ ದಕ್ಕುವುದೇನೂ ಇಲ್ಲ.

ಮರಿಗಳ ತೊಟ್ಟಿ 20 ಲೀಟರಿನದು, ತಳ ಬರಿದು. ಮರಳು, ಕಲ್ಲು ಏನೂ ಇಲ್ಲ. ಒಂದು ಸ್ಪಂಜ್ ಫಿಲ್ಟರ್, ಒಂದು ಗಾಳಿ ಕೊಳವೆ ಅಷ್ಟೆ. ಕೊಳವೆಯ ತುದಿಗೆ ಏರ್‌ಸ್ಟೋನ್ (ಗಾಳಿಯನ್ನು ಸಣ್ಣ ಗುಳ್ಳೆಗಳಾಗಿ ಒಡೆಯುವ ಕಲ್ಲು) ಹಾಕುವುದಿಲ್ಲ, ದಪ್ಪ ಗುಳ್ಳೆಗಳು ಬರಬೇಕು, ನೀರು ನಿಧಾನಕ್ಕೆ ಸುತ್ತುತ್ತಿರಬೇಕು. ಈ ಜಾತಿಯ ಮರಿಗಳು ಮೊದಲ ಎರಡು ವಾರವಾದರೂ ಎಲ್ಲಿಯೂ ಹಿಡಿದುಕೊಳ್ಳದೆ ತೇಲಿಕೊಂಡೇ ಇರುತ್ತವೆ. ಅಪಾಯವಿರುವುದು ನೀರಿನ ಮೇಲ್ಮೈಯಲ್ಲಿ. ಮೇಲಿನಿಂದ ದೀಪ ಹಾಕಿದರೆ ಸೀಗಡಿಗಳೆಲ್ಲ ಮೇಲಕ್ಕೆ ಹೋಗುತ್ತವೆ, ಅವುಗಳ ಹಿಂದೆ ಮರಿಗಳೂ. ಅಲ್ಲಿ ಸೀಗಡಿಯ ಜೊತೆ ಗಾಳಿಯನ್ನೂ ಎಳೆದುಕೊಂಡ ಮರಿ ಕೆಳಗಿಳಿಯಲಾರದೆ ಮೇಲೆಯೇ ಮಲಗಿಬಿಡುತ್ತದೆ. ಅದಕ್ಕೇ ತೊಟ್ಟಿಯ ಮೇಲರ್ಧಕ್ಕೆ ಹೊರಗಿನಿಂದ ಕಪ್ಪು ಕಾಗದ ಸುತ್ತಿ, ದೀಪವನ್ನು ಪಕ್ಕದಲ್ಲಿ ಕೆಳಮಟ್ಟದಲ್ಲಿಡುತ್ತೇನೆ. ಊಟವೂ ಮರಿಗಳೂ ನಡುನೀರಿನಲ್ಲಿ ಉಳಿಯುತ್ತವೆ. ನೀರಿನ ಮೇಲೆ ಎಣ್ಣೆ ಪಸೆ ಕಂಡರೆ ಟಿಶ್ಯೂ ಕಾಗದ ಹಾಸಿ ಎತ್ತುತ್ತೇನೆ.

ಬಿಸಿ 22ರಿಂದ 23 ಡಿಗ್ರಿ, ಅದಕ್ಕಿಂತ ಹೆಚ್ಚಲ್ಲ. ಬೆಚ್ಚಗಿನ ನೀರಿನಲ್ಲಿ ಮರಿ ಬೇಗ ಬೆಳೆಯುವುದು ನಿಜ, ಆದರೆ ರೋಗ ತರುವ ವಿಬ್ರಿಯೊ ಬ್ಯಾಕ್ಟೀರಿಯಾ ಇನ್ನೂ ಬೇಗ ಬೆಳೆಯುತ್ತದೆ. ಬೆಳಿಗ್ಗೆ ಸಂಜೆ ತಳದ ಹೊಲಸನ್ನು ತೆಳು ಕೊಳವೆಯಿಂದ ಹೀರಿ, ಅಷ್ಟೇ ಉಪ್ಪು ಅಷ್ಟೇ ಬಿಸಿಯ ಹೊಸ ನೀರು ತುಂಬಿಸುವುದು ತಪ್ಪದ ಕೆಲಸ.

ಇನ್ನೊಂದು ಶತ್ರು ಹೈಡ್ರಾಯ್ಡ್. ಗಾಜಿಗೆ ಅಂಟಿದ ಬಿಳಿ ಕೂದಲಿನಂತೆ ಕಾಣುತ್ತದೆ, ಆದರೆ ಅದು ಕುಟುಕುವ ಪ್ರಾಣಿ. ಮರಿಗೆ ಇಟ್ಟ ಸೀಗಡಿಯನ್ನೇ ತಿಂದು ಹಬ್ಬುತ್ತದೆ, ತಾಗಿದ ಮರಿ ಉಳಿಯುವುದಿಲ್ಲ. ಒಂದು ಸಲ ನಮ್ಮಲ್ಲಿ ಇದು ಕಾಣಿಸಿಕೊಂಡು ಎರಡು ರಾತ್ರಿಯಲ್ಲಿ ತೊಟ್ಟಿಯ ಒಂದು ಬದಿ ಪೂರ್ತಿ ಆವರಿಸಿತ್ತು. ಆ ಬದಿಗೆ ತೇಲಿ ಹೋದ ಮರಿಗಳೆಲ್ಲ ಹೋದವು. ಆ ನೋವು ಇವತ್ತಿಗೂ ಆರಿಲ್ಲ. ಅಲ್ಲಿಂದ ಎರಡು ತೊಟ್ಟಿ ಇಟ್ಟುಕೊಂಡಿದ್ದೇನೆ. ಒಂದರಲ್ಲಿ ಮರಿಗಳು, ಇನ್ನೊಂದು ಬ್ಲೀಚಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಿದ್ದು. ರಾತ್ರಿ ಟಾರ್ಚ್ ಹಿಡಿದು ಗಾಜು ನೋಡಿ, ಅನುಮಾನ ಬಂದರೆ ಮರಿಗಳನ್ನು ಸಣ್ಣ ಲೋಟದಲ್ಲಿ ನೀರಿನ ಸಮೇತ ಎತ್ತಿ ದಾಟಿಸುತ್ತೇನೆ. ಬಲೆ ಬಳಸಿ ಗಾಳಿಗೆ ಎತ್ತಬಾರದು. ದೊಡ್ಡವರ ತೊಟ್ಟಿಯ ನೀರು, ಬಲೆ, ಕೊಳವೆ ಯಾವುದೂ ಮರಿಗಳ ಕಡೆ ಬರುವುದಿಲ್ಲ.

ಎಷ್ಟು ಮರಿ ಸಾಕಬೇಕು ಎಂಬುದು ಬಹಳ ಕಷ್ಟದ ನಿರ್ಧಾರ. ಹುಟ್ಟಿದ್ದೆಲ್ಲ ಉಳಿಯಲಿ ಎನ್ನುವ ಆಸೆ ಸಹಜ, ಆದರೆ ನೂರಾರು ಮರಿಗಳನ್ನು ಒಂದೇ ತೊಟ್ಟಿಗೆ ಬಿಟ್ಟರೆ ನೀರು ಕೆಟ್ಟು ಎಲ್ಲವೂ ಹೋಗುತ್ತವೆ. ನಾನು ಒಂದು ತೊಟ್ಟಿಗೆ 50ರ ಮೇಲೆ ಬಿಡುವುದಿಲ್ಲ; ಉಳಿದವು ಊಟ ತಯಾರಿಟ್ಟುಕೊಂಡ ಹತ್ತಿರದ ಹವ್ಯಾಸಿಗಳ ಮನೆಗೆ ಅದೇ ದಿನ ಹೋಗುತ್ತವೆ. ಯಾರಿಗೂ ಬಿಡುವಿಲ್ಲದ ತಿಂಗಳುಗಳಲ್ಲಿ ಜೋಡಿಯ ನಡುವೆ ಜಾಲರಿ ಇಳಿಸಿ ಬೇರೆಯಿಡುತ್ತೇನೆ. ಸಾಕಲಾಗದ ಮರಿ ಹುಟ್ಟಿಸುವುದಕ್ಕಿಂತ ಇದು ಮೇಲು.

ಎರಡು ವಾರ ದಾಟಿದ ಮೇಲೆ ಬಾಲ ಆಸರೆ ಹುಡುಕತೊಡಗುತ್ತದೆ. ಏನೂ ಸಿಗದಿದ್ದರೆ ಒಂದು ಇನ್ನೊಂದರ ಮೂತಿಯನ್ನೋ ಬಾಲವನ್ನೋ ಸುತ್ತಿ ಎಳೆದಾಡುತ್ತವೆ. ಪ್ಲಾಸ್ಟಿಕ್ ಜಾಲರಿಯ ತುಂಡು, ಕೇಬಲ್ ಟೈ ಇಳಿಬಿಟ್ಟರೆ ಸಾಕು. ಹಿಡಿದು ನಿಂತ ಮರಿ ಶಕ್ತಿ ಉಳಿಸುತ್ತದೆ, ಚೆನ್ನಾಗಿ ಬೇಟೆಯಾಡುತ್ತದೆ. ಸಾವು ಕಡಿಮೆಯಾಗುವುದು ಇಲ್ಲಿಂದಲೇ.

ಆರರಿಂದ ಎಂಟನೇ ವಾರದಲ್ಲಿ ಫ್ರೋಜನ್ ಮೈಸಿಸ್ ಸೀಗಡಿ ಅಭ್ಯಾಸ ಮಾಡಿಸುತ್ತೇನೆ. ಸಣ್ಣಗೆ ಕತ್ತರಿಸಿ, ಬೆಳಗಿನ ಹಸಿವಿನ ಹೊತ್ತಿಗೆ, ಗಾಳಿಯ ಸೆಳೆತದಲ್ಲಿ ಅಲುಗಾಡುವಂತೆ ಬಿಡುವುದು. ಜೀವಂತ ಸೀಗಡಿ ಅದರ ನಂತರ. ಒಂದು ಮರಿ ಚಿಟಕ್ಕೆಂದು ಎಳೆದುಕೊಂಡರೆ ಪಕ್ಕದವು ನೋಡಿ ಕಲಿಯುತ್ತವೆ. ಎಲ್ಲವೂ ಮೈಸಿಸ್ ತಿನ್ನುವ ತನಕ ಜೀವಂತ ಆಹಾರ ನಿಲ್ಲಿಸುವುದಿಲ್ಲ, ಒಂದನ್ನೂ ಯಾರಿಗೂ ಕೊಡುವುದಿಲ್ಲ. ಕೊಡುವಾಗ ಕನಿಷ್ಠ ಎರಡು ಒಟ್ಟಿಗೆ ಕೊಡುತ್ತೇನೆ, ಚುರುಕಿನ ಮೀನುಗಳಿರುವ ತೊಟ್ಟಿಗಾದರೆ ಕೊಡುವುದೇ ಇಲ್ಲ. ನಿಧಾನಕ್ಕೆ ತಿನ್ನುವ ಈ ಜೀವಕ್ಕೆ ಅಲ್ಲಿ ಊಟ ಸಿಗುವುದಿಲ್ಲ.