ಕೈವಾರ ಹಿಡಿದು ಕಣ್ಣಿಗೆ ಮಂಕುಬೂದಿ

ವಿಜ್ಞಾನ ವಸ್ತುಪ್ರದರ್ಶನ ಬಂತೆಂದರೆ ದಾವಣಗೆರೆ, ಚಿತ್ರದುರ್ಗದ ಶಾಲೆಗಳಲ್ಲಿ ಥರ್ಮೋಕೋಲಿನ ಜ್ವಾಲಾಮುಖಿ ಮತ್ತು ಮಳೆನೀರು ಕೊಯ್ಲಿನ ಮಾದರಿಗಳದ್ದೇ ಸಾಲು. ಬರೀ ವೃತ್ತಗಳಿಂದಲೂ ನೋಡುವವರನ್ನು ನಿಲ್ಲಿಸಬಹುದು. ಬೇಕಾಗುವುದು ಗಟ್ಟಿ ತಿರುಪಿನ ಕೈವಾರ, ಡ್ರಾಯಿಂಗ್ ಹಾಳೆ, ಒಂದು ಒಎಚ್‌ಪಿ ಹಾಳೆ (ಮುದ್ರಿಸಬಲ್ಲ ಪಾರದರ್ಶಕ ಪ್ಲಾಸ್ಟಿಕ್ ಹಾಳೆ). ಜೊತೆಗೆ ಅಳತೆಯಲ್ಲಿ ಅರ್ಧ ಮಿಲಿಮೀಟರನ್ನೂ ಬಿಟ್ಟುಕೊಡದ ಹಟ.

ಸಂದುಗಳನ್ನು ತುಂಬುತ್ತಾ ಹೋಗುವ ವೃತ್ತಗಳು

ಒಂದನ್ನೊಂದು ಮುಟ್ಟುವ ಮೂರು ವೃತ್ತಗಳ ನಡುವಿನ ಸಂದಿನಲ್ಲಿ, ಮೂರನ್ನೂ ಮುಟ್ಟುವ ನಾಲ್ಕನೆಯದು ಕೂರುತ್ತದೆ. ಅದರಿಂದ ಹುಟ್ಟುವ ಮೂರು ಹೊಸ ಸಂದುಗಳಲ್ಲಿ ಮತ್ತೆ ಮೂರು. ಇದಕ್ಕೆ ಕೊನೆಯಿಲ್ಲ. ಪ್ರಾಚೀನ ಗ್ರೀಕ್ ಗಣಿತಜ್ಞ ಅಪೊಲೋನಿಯಸ್ ಹೆಸರು ಹೊತ್ತ ಈ ವಿನ್ಯಾಸ, ಒಂದೇ ನಮೂನೆ ಸಣ್ಣದಾಗುತ್ತಾ ಮರುಕಳಿಸುವ ಫ್ರ್ಯಾಕ್ಟಲ್‌ಗಳಲ್ಲಿ ಕೈಯಿಂದಲೂ ಬಿಡಿಸಬಹುದಾದದ್ದು.

ಎ4 ಹಾಳೆಯ ನಡುವೆ ತೆಳುವಾಗಿ ಒಂದು ಅಡ್ಡಗೆರೆ, ಅದಕ್ಕೆ ಲಂಬವಾಗಿ ಒಂದು ಉದ್ದಗೆರೆ ಎಳೆಯಿರಿ. ಅವು ಕೂಡುವಲ್ಲಿ ಮೊನೆಯೂರಿ 9 ಸೆಂ.ಮೀ. ತ್ರಿಜ್ಯದ ದೊಡ್ಡ ವೃತ್ತ ಬರೆಯಿರಿ. ಅಡ್ಡಗೆರೆಯ ಮೇಲೆ ಎಡಕ್ಕೂ ಬಲಕ್ಕೂ 4.5 ಸೆಂ.ಮೀ. ದೂರದಲ್ಲಿ, ಅಷ್ಟೇ ತ್ರಿಜ್ಯದ ಎರಡು ವೃತ್ತ. ಉದ್ದಗೆರೆಯ ಮೇಲೆ, ನಡುಬಿಂದುವಿನಿಂದ ಮೇಲಕ್ಕೂ ಕೆಳಕ್ಕೂ 6 ಸೆಂ.ಮೀ. ದೂರದಲ್ಲಿ 3 ಸೆಂ.ಮೀ. ತ್ರಿಜ್ಯದವು ಎರಡು.

ಈಗ ಆರು ಸಂದುಗಳು ಉಳಿದಿವೆ. ಅಂಚಿನ ನಾಲ್ಕಕ್ಕೆ 1.5 ಸೆಂ.ಮೀ. ತ್ರಿಜ್ಯ. ಅವುಗಳ ಕೇಂದ್ರ 4.5ರ ವೃತ್ತದ ಕೇಂದ್ರದಿಂದ ನೇರ ಮೇಲೆ ಅಥವಾ ಕೆಳಗೆ 6 ಸೆಂ.ಮೀ. ದೂರದಲ್ಲಿದೆ. ಒಳಗಿನ ಎರಡಕ್ಕೆ 6 ಮಿ.ಮೀ. ತ್ರಿಜ್ಯ, ಕೇಂದ್ರ ಉದ್ದಗೆರೆಯ ಮೇಲೆ ನಡುಬಿಂದುವಿನಿಂದ 2.4 ಸೆಂ.ಮೀ. ದೂರದಲ್ಲಿ. ಇಲ್ಲಿಗೆ ಹನ್ನೊಂದು ವೃತ್ತ, ಹದಿನೆಂಟು ಹೊಸ ಸಂದು.

ಮುಂದಿನವಕ್ಕೆ ಫ್ರಾನ್ಸಿನ ಗಣಿತಜ್ಞ ಡೆಕಾರ್ಟೆ 1643ರಲ್ಲಿ ಬೊಹೀಮಿಯಾದ ರಾಜಕುಮಾರಿ ಎಲಿಜಬೆತ್‌ಗೆ ಪತ್ರದಲ್ಲಿ ತಿಳಿಸಿದ ಸೂತ್ರದಿಂದ ಬರುವ ಲೆಕ್ಕ ಸಾಕು. (ನೊಬೆಲ್ ಪಡೆದ ರಸಾಯನ ವಿಜ್ಞಾನಿ ಸಾಡಿ 1936ರಲ್ಲಿ ಇದೇ ಸೂತ್ರವನ್ನು ಪದ್ಯ ಮಾಡಿ ‘ನೇಚರ್’ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು!) 9ನ್ನು ತ್ರಿಜ್ಯದಿಂದ ಭಾಗಿಸಿದರೆ ಆ ವೃತ್ತದ ಬಾಗುವಿಕೆಯ ಸಂಖ್ಯೆ ಸಿಗುತ್ತದೆ: 4.5ಕ್ಕೆ 2, 3ಕ್ಕೆ 3, 1.5ಕ್ಕೆ 6. ಹೊರವೃತ್ತ ಎಲ್ಲವನ್ನೂ ಒಳಗಿಟ್ಟುಕೊಂಡಿರುವುದರಿಂದ ಅದಕ್ಕೆ −1. ಸಂದಿನ ಸುತ್ತಲ ಮೂರು ಸಂಖ್ಯೆ ಕೂಡಿಸಿ, ಇಮ್ಮಡಿ ಮಾಡಿ, ಆ ಮೂರನ್ನೂ ಈಗಾಗಲೇ ಮುಟ್ಟಿರುವ ವೃತ್ತದ ಸಂಖ್ಯೆಯನ್ನು ಕಳೆಯಿರಿ. ಹೊರವೃತ್ತ, 4.5 ಮತ್ತು 1.5ರ ನಡುವಿನ ಸಂದು ನೋಡಿ: −1, 2, 6 ಕೂಡಿದರೆ 7, ಇಮ್ಮಡಿ 14. ಮೂರನ್ನೂ ಮುಟ್ಟಿರುವುದು 3 ಸೆಂ.ಮೀ. ವೃತ್ತ, ಅದರ 3 ಕಳೆದರೆ 11. ತ್ರಿಜ್ಯ 9/11, ಅಂದರೆ 0.82 ಸೆಂ.ಮೀ. ಕೇಂದ್ರ ಹುಡುಕಲು ಹಾಳೆಯ ನಡುಬಿಂದುವಿನಿಂದ 8.18 (9ರಲ್ಲಿ 0.82 ಕಳೆದದ್ದು), 4.5ರ ಕೇಂದ್ರದಿಂದ 5.32 (ಎರಡರ ಮೊತ್ತ) ಸೆಂ.ಮೀ. ಕಂಸ ಎಳೆಯಿರಿ; ಅವು ಈ ಸಂದಿನೊಳಗೆ ಕತ್ತರಿಸುವಲ್ಲಿ ಮೊನೆಯೂರಿ.

ಕೈಕೊಡುವುದು ಹೆಚ್ಚಾಗಿ ಎರಡು ಕಡೆ. ಮೊದಲ ನಾಲ್ಕೈದು ವೃತ್ತಗಳಲ್ಲಿ ಸೀಸದ ದಪ್ಪದಷ್ಟು ತಪ್ಪಿದರೂ ಅದು ಸಣ್ಣ ವೃತ್ತಗಳಲ್ಲಿ ಎದ್ದು ಕಾಣುತ್ತದೆ, ಮುಟ್ಟಬೇಕಾದವು ಒಂದನ್ನೊಂದು ದಾಟುತ್ತವೆ. ಹಾಗಾಗಿ ಎಚ್ ಪೆನ್ಸಿಲ್ ಬಳಸಿ, ಮೊನೆಯನ್ನು ಆಗಾಗ ಮರಳು ಕಾಗದಕ್ಕೆ ಉಜ್ಜಿ. ಎರಡನೆಯದು ನಡುಬಿಂದುವಿನ ತೂತು. ಮತ್ತೆ ಮತ್ತೆ ಮೊನೆಯೂರಿದಾಗ ಅದು ಅಗಲವಾಗಿ ಕೈವಾರ ಅಲುಗುತ್ತದೆ. ಮೊದಲೇ ಅಲ್ಲೊಂದು ಚೂರು ಸೆಲ್ಲೋಟೇಪ್ ಅಂಟಿಸಿ. 6 ಮಿ.ಮೀ.ಗಿಂತ ಸಣ್ಣ ತ್ರಿಜ್ಯಕ್ಕೆ ಶಾಲೆಯ ಕೈವಾರ ನೆಚ್ಚಬೇಡಿ. ಎಂಜಿನಿಯರಿಂಗ್ ಹುಡುಗರು ಬಳಸುವ ವೃತ್ತದ ತೂತುಗಳಿರುವ ಪ್ಲಾಸ್ಟಿಕ್ ಪಟ್ಟಿಯೇ ಮೇಲು.

ಸರಿಸಿದರೆ ಹರಿಯುವ ಪಟ್ಟೆಗಳು

ಕಂಪ್ಯೂಟರಿನಲ್ಲಿ ಒಂದೇ ಕೇಂದ್ರದ 40 ವೃತ್ತ ಬಿಡಿಸಿ, ಗೆರೆ 1 ಮಿ.ಮೀ., ನಡುವಿನ ಬಿಳಿ 1 ಮಿ.ಮೀ. ಒಂದು ಪ್ರತಿ ಬಿಳಿ ಹಾಳೆಯಲ್ಲಿ, ಇನ್ನೊಂದು ಒಎಚ್‌ಪಿ ಹಾಳೆಯಲ್ಲಿ ಮುದ್ರಿಸಿ. ಒಂದರ ಮೇಲೊಂದಿಟ್ಟು ನಿಧಾನವಾಗಿ ಪಕ್ಕಕ್ಕೆ ಸರಿಸಿದರೆ ಹಾಳೆಯಲ್ಲಿ ಇಲ್ಲದ ಬಾಗಿದ ಪಟ್ಟೆಗಳು ಎರಡೂ ಕಡೆಗೆ ಬಿಚ್ಚಿಕೊಳ್ಳುತ್ತವೆ. ಇವು ಅತಿಪರವಲಯಗಳು (ಹೈಪರ್ಬೋಲಾ). ಪ್ರತಿ 2 ಮಿ.ಮೀ. ಸರಿಸಿದಾಗ ಆಚೆಯೊಂದು, ಈಚೆಯೊಂದು ಹೆಚ್ಚುತ್ತದೆ.

ಇಲ್ಲಿ ಕೆಡುವುದು ಜೆರಾಕ್ಸ್ ಅಂಗಡಿಯಲ್ಲೇ. ಚಿತ್ರವನ್ನು ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಗೆರೆಯ ಅಂಚು ಮಸುಕಾಗುತ್ತದೆ, ಪಿಡಿಎಫ್ ಕಳಿಸಿ. ‘ಫಿಟ್ ಟು ಪೇಜ್’ ಬಿಟ್ಟು ‘ಆ್ಯಕ್ಚುವಲ್ ಸೈಜ್’ ಆರಿಸಲು ಹೇಳಿ. ಒಂದು ಹಾಳೆ ಶೇ 97ಕ್ಕೆ ಕುಗ್ಗಿದರೂ ಸಾಕು, ಕೇಂದ್ರಗಳು ಕೂಡಿದ್ದಾಗಲೂ ಸುಮಾರು 65 ಮಿ.ಮೀ.ಗೊಂದು ದಪ್ಪ ಬಳೆ ಕಾಣಿಸಿಕೊಳ್ಳುತ್ತದೆ. ಬೇಕೆಂದೇ ಹಾಗೆ ಮಾಡುವುದಾದರೆ ಒಂದರಲ್ಲಿ ಅಂತರ 2, ಇನ್ನೊಂದರಲ್ಲಿ 2.1 ಮಿ.ಮೀ. ಇಡಿ, 42 ಮಿ.ಮೀ.ಗೊಂದು ಬಳೆ ಬರುತ್ತದೆ. ಲೇಸರ್ ಪ್ರಿಂಟರಿಗೆ ಲೇಸರಿನ ಒಎಚ್‌ಪಿ ಹಾಳೆಯೇ ಆಗಬೇಕು, ಬೇರೆಯದು ಬಿಸಿಗೆ ಸುರುಟಿ ಯಂತ್ರದೊಳಗೆ ಸಿಕ್ಕಿಕೊಳ್ಳುತ್ತದೆ.

ಸುರುಳಿಯಲ್ಲದ ಸುರುಳಿ

ಬ್ರಿಟನ್ನಿನ ಜೇಮ್ಸ್ ಫ್ರೇಸರ್ 1908ರಲ್ಲಿ ತೋರಿಸಿದ ಭ್ರಮೆ ಇದರ ಮೂಲ. ಬೂದು ಬಣ್ಣದ ರಟ್ಟಿನ ಮೇಲೆ 4, 6, 8 ಸೆಂ.ಮೀ. ತ್ರಿಜ್ಯದ ವೃತ್ತ ತೆಳುವಾಗಿ ಎಳೆದು, ಅವುಗಳ ಮೇಲೆ ಕ್ರಮವಾಗಿ 16, 24, 32 ಚೌಕಗಳನ್ನು ಸಮ ಅಂತರದಲ್ಲಿ ಬಿಡಿಸಿ. ಚೌಕದ ಬದಿ 8 ಮಿ.ಮೀ. ಬರೀ ಅಂಚು ಬರೆಯಿರಿ: ಒಂದು ಕಪ್ಪು, ಮುಂದಿನದು ಬಿಳಿ. ಪ್ರತಿ ಚೌಕವೂ ಕೇಂದ್ರದತ್ತ ನೇರ ನೋಡದೆ 15 ಡಿಗ್ರಿ ಒಂದೇ ಕಡೆಗೆ ವಾಲಿರಲಿ. ಉಂಗುರಗಳು ಸುರುಳಿ ಸುತ್ತಿದಂತೆ ಕಾಣುತ್ತವೆ. ಬೆರಳಿಟ್ಟು ಸುತ್ತಿದರೆ ಹೊರಟಲ್ಲಿಗೇ ಬರುತ್ತೀರಿ. ಪಕ್ಕದ ಉಂಗುರದ ವಾಲನ್ನು ತಿರುಗಿಸಿದರೆ ಅವು ಒಂದನ್ನೊಂದು ಕತ್ತರಿಸಿದಂತೆ ತೋರುತ್ತವೆ. ಚೌಕಗಳ ಸಂಖ್ಯೆ ಬೆಸವಾದರೆ ಕೊನೆಯಲ್ಲಿ ಒಂದೇ ಬಣ್ಣದ ಎರಡು ಅಕ್ಕಪಕ್ಕ ಬಂದು ಭ್ರಮೆ ಅಲ್ಲೇ ಮುರಿಯುತ್ತದೆ. ಏಳು ಸುತ್ತಿನ ಕೋಟೆಯ ಊರಿನವರಿಗೆ ಮೂರು ಉಂಗುರ ಸಾಲದೆಂದರೆ 10ಕ್ಕೆ 40, 12ಕ್ಕೆ 48 ಎಂದು ಇದೇ ಲೆಕ್ಕದಲ್ಲಿ 16 ಸೆಂ.ಮೀ.ವರೆಗೆ ಮುಂದುವರಿಸಬಹುದು.

ಮೊದಲ ವಿನ್ಯಾಸ ರಂಗೋಲಿಗೂ ಒಗ್ಗುತ್ತದೆ. ಎಲ್ಲ ಅಳತೆಯನ್ನೂ ಹತ್ತರಿಂದ ಗುಣಿಸಿ. ದಾರ ಹಿಗ್ಗುವುದರಿಂದ ಅದರ ಬದಲು ಮೊಳೆ ಹೊಡೆದ ಮರದ ಪಟ್ಟಿಗೆ ಸೀಮೆಸುಣ್ಣ ಕಟ್ಟಿ ತಿರುಗಿಸಿ. ಆಷಾಢದಲ್ಲಿ ದುರ್ಗದ ಗಾಳಿಗೆ ರಂಗೋಲಿ ಪುಡಿ ನಿಲ್ಲುವುದಿಲ್ಲ. ಸೀಮೆಸುಣ್ಣವನ್ನು ಹತ್ತು ನಿಮಿಷ ನೀರಲ್ಲಿ ನೆನೆಸಿ ಬರೆಯಿರಿ, ಒಣಗಿದ ಮೇಲೆ ಗೆರೆ ಬೆಳ್ಳಗೆ ಏಳುತ್ತದೆ.