ಮೈನಸ್ 30 ಡಿಗ್ರಿ ಚಳಿಯಲ್ಲಿ ಹಿತ್ತಲ ಕೋಳಿ: ಗೂಡನ್ನು ಒಣಗಿಸಿಡುವ ಬಗೆ

ಕೆನಡಾದ ಎಡ್ಮಂಟನ್, ಸ್ಯಾಸ್ಕಟೂನ್, ವಿನಿಪೆಗ್‌ನಂತಹ ಊರುಗಳಲ್ಲಿ ಜನವರಿಯ ರಾತ್ರಿ ಉಷ್ಣಾಂಶ ಶೂನ್ಯಕ್ಕಿಂತ 30 ಡಿಗ್ರಿ ಸೆಲ್ಸಿಯಸ್ ಕೆಳಕ್ಕೆ ಇಳಿಯುವುದು ಅಪರೂಪವಲ್ಲ. ಅಲ್ಲಿ ಹಿತ್ತಲಿನಲ್ಲಿ ನಾಲ್ಕು ಕೋಳಿ ಸಾಕಲು ಹೊರಟವರು ಮೊದಲು ವಿಚಾರಿಸುವುದು ಹೀಟರಿನ ಬೆಲೆಯನ್ನು. ವಿಚಾರಿಸಬೇಕಾದದ್ದು ಗೂಡಿನ ತೇವವನ್ನು. ಕೋಳಿಯ ಮೈ ಸುಮಾರು 41 ಡಿಗ್ರಿಯಷ್ಟು ಬೆಚ್ಚಗಿರುತ್ತದೆ. ಗರಿಗಳನ್ನು ಉಬ್ಬಿಸಿ, ಅವುಗಳ ನಡುವೆ ಗಾಳಿಯನ್ನು ಹಿಡಿದಿಟ್ಟುಕೊಂಡು ಅದು ಒಣ ಚಳಿಯನ್ನು ಚೆನ್ನಾಗಿಯೇ ತಡೆದುಕೊಳ್ಳಬಲ್ಲದು. ಗರಿಯಿಲ್ಲದ ಜುಟ್ಟು, ಗದ್ದದ ಕೆಳಗೆ ಜೋಲುವ ಕೆಂಪು ತೊಗಲು ಮತ್ತು ಕಾಲ್ಬೆರಳುಗಳು ಮಾತ್ರ ಅದರ ದುರ್ಬಲ ಭಾಗಗಳು. ಕೋಳಿಗಳ ಉಸಿರಿನಿಂದಲೂ, ಮುಕ್ಕಾಲು ಪಾಲು ನೀರೇ ಆಗಿರುವ ಹಸಿ ಹಿಕ್ಕೆಯಿಂದಲೂ ಏಳುವ ಆವಿಯು ಮುಚ್ಚಿದ ಗೂಡಿನಿಂದ ಹೊರಹೋಗಲಾರದೆ ಈ ಭಾಗಗಳ ಮೇಲೆ ಕುಳಿತಾಗ ಅಲ್ಲಿನ ಚರ್ಮ ಬೇಗ ಹೆಪ್ಪುಗಟ್ಟಿ ಸಾಯುತ್ತದೆ.

ಮೊದಲು ಅನುಮತಿ, ಆಮೇಲೆ ತಳಿ

ಕೋಳಿ ತರುವ ಮೊದಲು ನಗರಸಭೆಯ ನಿಯಮವನ್ನು ಓದಿಕೊಳ್ಳಬೇಕು, ಏಕೆಂದರೆ ಅದು ಊರಿಂದೂರಿಗೆ ಬದಲಾಗುತ್ತದೆ. ವ್ಯಾಂಕೂವರ್ 2010ರಿಂದ ಮನೆಯೊಂದಕ್ಕೆ ನಾಲ್ಕು ಹೇಂಟೆಗಳವರೆಗೆ ಅನುಮತಿ ಕೊಡುತ್ತಿದೆ. ಕ್ಯಾಲ್ಗರಿ 2022ರಲ್ಲಿ ಪರವಾನಗಿ ಪದ್ಧತಿಯನ್ನು ಆರಂಭಿಸಿತು. ಹುಂಜಕ್ಕೆ ಎರಡೂ ಕಡೆ ಅವಕಾಶವಿಲ್ಲ. ಮೊಟ್ಟೆಗೆ ಹುಂಜ ಬೇಕಾಗಿಯೂ ಇಲ್ಲ.

ತಳಿಯನ್ನು ಆರಿಸುವಾಗ ಜುಟ್ಟನ್ನು ನೋಡಿ ಆರಿಸುವುದು ಉತ್ತಮ. ಈ ವಿಷಯದಲ್ಲಿ ಕೆನಡಾದ್ದೇ ಆದ ಶಾಂಟೆಕ್ಲೇರ್ ತಳಿಯನ್ನು ಮೀರಿಸುವಂಥದ್ದು ಇಲ್ಲವೆಂದೇ ಹೇಳಬಹುದು. ಕ್ಯೂಬೆಕ್ ಪ್ರಾಂತ್ಯದ ಓಕಾದಲ್ಲಿದ್ದ ಟ್ರಾಪಿಸ್ಟ್ ಮಠದ ಸನ್ಯಾಸಿ ಬ್ರದರ್ ವಿಲ್ಫ್ರಿಡ್ ಶಾಟೆಲೆನ್ ಅವರು 1908ರ ಸುಮಾರಿಗೆ ಹಲವು ತಳಿಗಳನ್ನು ಬೆರೆಸಿ ಇದನ್ನು ರೂಪಿಸಲು ತೊಡಗಿದರು. ಚಳಿಗಾಲದಲ್ಲೂ ಮೊಟ್ಟೆಯಿಡುವ, ಮಾಂಸಕ್ಕೂ ಒದಗುವ, ಹೆಪ್ಪುಗಟ್ಟುವಷ್ಟು ಜುಟ್ಟೇ ಇಲ್ಲದ ಕೋಳಿ ಅವರ ಗುರಿಯಾಗಿತ್ತು. ಅಂಗಿಯ ಗುಂಡಿಯಂತೆ ತಲೆಗೆ ಅಂಟಿಕೊಂಡ ಚಿಕ್ಕ ಜುಟ್ಟು ಈ ತಳಿಯ ಗುರುತು. ಇದು ಸಿಗದಿದ್ದರೆ ಚಪ್ಪಟೆ ಜುಟ್ಟಿನ ವಯಾಂಡಾಟ್ ಅಥವಾ ಅಮೆರೌಕಾನಾ ತಳಿಗಳನ್ನು ನೋಡಬಹುದು. ಎತ್ತರದ ಗರಗಸದಂತಹ ಜುಟ್ಟಿರುವ ಲೆಗಾರ್ನ್ ಮೊಟ್ಟೆಗೆ ಹೆಸರಾಗಿದ್ದರೂ ಈ ಹವೆಯಲ್ಲಿ ಹೆಚ್ಚಿನ ಕಾಳಜಿ ಬೇಡುತ್ತದೆ.

ಗೂಡಿನ ಸಿದ್ಧತೆ: ಅಕ್ಟೋಬರ್ ಮುಗಿಯುವುದರೊಳಗೆ

ಕೋಳಿಯೊಂದಕ್ಕೆ ಗೂಡಿನೊಳಗೆ ಸುಮಾರು ನಾಲ್ಕು ಚದರ ಅಡಿ ಜಾಗವಿರಬೇಕು. ಹೊರಗಿನ ಜಾಲರಿ ಅಂಗಳದಲ್ಲಿ ಹತ್ತು ಚದರ ಅಡಿಯಿದ್ದರೆ ಹಿಮದ ದಿನಗಳಲ್ಲಿ ಅವು ಒಂದನ್ನೊಂದು ಕುಕ್ಕುವುದು ಕಡಿಮೆಯಾಗುತ್ತದೆ. ಗೋಡೆಗಳಿಗೆ ಶಾಖನಿರೋಧಕ ಫೋಮ್ ಹಾಳೆಗಳನ್ನು ಕೂರಿಸುವುದಾದರೆ ಅದರ ಮೇಲೆ ಪ್ಲೈವುಡ್ ಹೊಡೆಯುವುದನ್ನು ಮರೆಯಬಾರದು. ಕೋಳಿಗಳು ಫೋಮನ್ನು ಕುಕ್ಕಿ ತಿಂದುಬಿಡುತ್ತವೆ.

ಎಲ್ಲಕ್ಕಿಂತ ಮುಖ್ಯವಾದದ್ದು ಗಾಳಿಕಿಂಡಿ. ಕೋಳಿಗಳು ಮಲಗುವ ಎತ್ತರಕ್ಕಿಂತ ಸಾಕಷ್ಟು ಮೇಲೆ, ಸೂರಿನ ಕೆಳಗೆ, ಎದುರುಬದುರು ಗೋಡೆಗಳಲ್ಲಿ ಕಿಂಡಿಗಳಿರಬೇಕು. ಬೆಚ್ಚಗಿನ ತೇವದ ಗಾಳಿ ಮೇಲೇರಿ ಅಲ್ಲಿಂದ ಹೊರಹೋಗುತ್ತದೆ, ಕೆಳಗೆ ಮಲಗಿದ ಕೋಳಿಯ ಮೈಗೆ ಮಾತ್ರ ಗಾಳಿ ಬಡಿಯುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ರಾತ್ರಿ ಕೋಳಿಯ ಮೇಲೆ ಬುಟ್ಟಿ ಕವುಚುವುದನ್ನು ಕಂಡು ಬೆಳೆದವರಿಗೆ, ಅಷ್ಟು ಚಳಿಯಲ್ಲಿ ಗೂಡಿಗೆ ಕಿಂಡಿ ತೆರೆದಿಡುವುದು ನಿರ್ದಯವಾಗಿ ಕಾಣಬಹುದು. ಆದರೆ ಎಲ್ಲ ಬಿರುಕುಗಳನ್ನೂ ಬಿಗಿಯಾಗಿ ಮುಚ್ಚಿದ ಗೂಡಿನಲ್ಲಿಯೇ ಜುಟ್ಟುಗಳು ಹೆಚ್ಚಾಗಿ ಕಪ್ಪಾಗುತ್ತವೆ. ಕಿಂಡಿ ಸಾಕಾಗಿದೆಯೇ ಎಂದು ತಿಳಿಯಲು ಬೆಳಿಗ್ಗೆ ಗೂಡಿನ ಕಿಟಕಿಯ ಒಳಬದಿಯನ್ನು ನೋಡಬೇಕು. ಗಾಜಿನ ಮೇಲೆ ದಪ್ಪಗೆ ಇಬ್ಬನಿ ಅಥವಾ ಮಂಜುಗಡ್ಡೆ ಕಟ್ಟಿದ್ದರೆ, ಇಲ್ಲವೇ ಬಗ್ಗಿ ಕೋಳಿಯ ಎತ್ತರದಲ್ಲಿ ಉಸಿರೆಳೆದಾಗ ಅಮೋನಿಯಾದ ಘಾಟು ಮೂಗಿಗೆ ತಾಕಿದರೆ, ಕಿಂಡಿಯನ್ನು ದೊಡ್ಡದು ಮಾಡಬೇಕು.

ಕೋಳಿಗಳು ಕೂರುವ ಅಡ್ಡಪಟ್ಟಿ ದುಂಡಾಗಿರದೆ ಚಪ್ಪಟೆಯಾಗಿರಲಿ. ಅಲ್ಲಿನ ಮರದಂಗಡಿಗಳಲ್ಲಿ ‘ಟು ಬೈ ಫೋರ್’ ಎಂದು ಸಿಗುವ ಪಟ್ಟಿಯನ್ನು ಅಗಲ ಬದಿ ಮೇಲಾಗುವಂತೆ ಕೂರಿಸಿದರೆ ಕೋಳಿ ಪಾದವನ್ನು ಚಾಚಿ ಕುಳಿತು ಹೊಟ್ಟೆಯ ಗರಿಗಳಿಂದ ಬೆರಳುಗಳನ್ನು ಪೂರ್ತಿ ಮುಚ್ಚಿಕೊಳ್ಳುತ್ತದೆ. ನೆಲಕ್ಕೆ ಮರ ಕೀಸಿದ ಹೊಟ್ಟನ್ನು ಅರ್ಧ ಅಡಿಯಷ್ಟು ಹಾಸಿ, ಹಿಕ್ಕೆ ಬಿದ್ದಂತೆ ತಿರುವಿಹಾಕುತ್ತ, ಮೇಲೆ ಹೊಸ ಹೊಟ್ಟು ಸೇರಿಸುತ್ತ ಹೋಗಬೇಕು. ಈ ದಪ್ಪ ಹಾಸು ತೇವವನ್ನು ಹೀರುತ್ತದೆ, ನೆಲದ ತಣ್ಪನ್ನು ತಡೆಯುತ್ತದೆ. ಅಡ್ಡಪಟ್ಟಿಯ ಕೆಳಗೆ ಒಂದು ಹಲಗೆಯಿಟ್ಟು ರಾತ್ರಿಯ ಹಿಕ್ಕೆಯನ್ನು ದಿನವೂ ಬೆಳಿಗ್ಗೆ ಕೆರೆದು ಹೊರಹಾಕಿದರೆ ತೇವದ ದೊಡ್ಡ ಪಾಲು ಗೂಡಿನಲ್ಲಿ ಉಳಿಯುವುದೇ ಇಲ್ಲ. ಐದು ನಿಮಿಷದ ಈ ಕೆಲಸವನ್ನು ತಪ್ಪಿಸಬಾರದು.

ನೀರು, ಮೇವು, ಬೆಳಕು

ಚಳಿಗಾಲದ ದಿನನಿತ್ಯದ ಪರದಾಟವೆಂದರೆ ನೀರು. ನೀರಿಲ್ಲದಿದ್ದರೆ ಕೋಳಿ ಮೇವನ್ನೂ ಬಿಡುತ್ತದೆ, ಮೇವು ಬಿಟ್ಟ ಕೋಳಿಗೆ ಮೈಶಾಖ ಉಳಿಸಿಕೊಳ್ಳುವ ದಾರಿಯಿಲ್ಲ. ವಿದ್ಯುತ್ತಿನಿಂದ ಬೆಚ್ಚಗಾಗುವ ತಳಪೀಠದ ಮೇಲೆ ಲೋಹದ ನೀರಿನ ಪಾತ್ರೆಯನ್ನಿಡುವುದು ಹೆಚ್ಚಿನವರ ಪದ್ಧತಿ. ಅದಿಲ್ಲದವರು ರಬ್ಬರ್ ಬೋಗುಣಿಗಳನ್ನು ಇಟ್ಟುಕೊಂಡು ದಿನಕ್ಕೆ ಎರಡು ಮೂರು ಬಾರಿ ಬದಲಿಸಬೇಕು. ರಬ್ಬರನ್ನು ಮಗುಚಿ ತುಳಿದರೆ ಮಂಜುಗಡ್ಡೆ ಕಳಚಿ ಬೀಳುತ್ತದೆ, ಬೋಗುಣಿ ಒಡೆಯುವುದಿಲ್ಲ. ನೀರು ಗೂಡಿನೊಳಗೆ ಚೆಲ್ಲಿದರೆ ಹಾಸೂ ಹಾಳು, ಗಾಳಿಯೂ ತೇವ.

ಬೇಸಿಗೆಯಲ್ಲಿ ದಿನಕ್ಕೆ 120 ಗ್ರಾಂ ಆಸುಪಾಸಿನಲ್ಲಿ ತಿನ್ನುವ ಹೇಂಟೆ ಕಡುಚಳಿಯಲ್ಲಿ ಅದಕ್ಕಿಂತ ಹೆಚ್ಚು ಬೇಡುತ್ತದೆ. ಮೊಟ್ಟೆಕೋಳಿಯ ಮೇವನ್ನು ಅಳತೆಯಿಲ್ಲದೆ ಮುಂದಿಡಬಹುದು. ಸಂಜೆ ಮಲಗುವ ಮೊದಲು ಒಂದೊಂದು ಹಿಡಿ ಒಡೆದ ಮೆಕ್ಕೆಜೋಳ ಅಥವಾ ಗೋಧಿ ಎರಚುವ ರೂಢಿ ಒಳ್ಳೆಯದು, ಏಕೆಂದರೆ ಅದು ರಾತ್ರಿಯಿಡೀ ಜೀರ್ಣವಾಗುತ್ತ ಶಾಖ ಕೊಡುತ್ತದೆ. ನೆಲವೆಲ್ಲ ಹಿಮದಡಿ ಹೂತಿರುವುದರಿಂದ ಕಾಳು ಅರೆಯಲು ಬೇಕಾದ ಸಣ್ಣ ಹರಳುಗಳನ್ನೂ, ಸುಣ್ಣದಂಶಕ್ಕಾಗಿ ಚಿಪ್ಪಿನ ಚೂರುಗಳನ್ನೂ ಬೇರೆ ಬಟ್ಟಲಲ್ಲಿ ಇಡಬೇಕು.

ಮೊಟ್ಟೆ ನಿಲ್ಲುವುದಕ್ಕೆ ಚಳಿಗಿಂತ ಕತ್ತಲೆ ದೊಡ್ಡ ಕಾರಣ. ಎಡ್ಮಂಟನ್‌ನಲ್ಲಿ ಡಿಸೆಂಬರ್ ಕೊನೆಯ ಹಗಲು ಏಳೂವರೆ ಗಂಟೆಯಷ್ಟೇ. ಸತತವಾಗಿ ಮೊಟ್ಟೆಯಿಡಲು ಹೇಂಟೆಗೆ 14 ಗಂಟೆಯಾದರೂ ಬೆಳಕು ಬೇಕು. ಟೈಮರ್ ಜೋಡಿಸಿದ ಸಣ್ಣ ಎಲ್‌ಇಡಿ ಬಲ್ಬನ್ನು ಬೆಳಗಿನ ಜಾವದಲ್ಲಿ ಉರಿಯುವಂತೆ ಮಾಡಬಹುದು. ಸಂಜೆ ಉರಿಸಿದರೆ ಅದು ಥಟ್ಟನೆ ಆರಿದಾಗ ಕೋಳಿಗಳು ಅಡ್ಡಪಟ್ಟಿ ಕಾಣದೆ ನೆಲದಲ್ಲೇ ಉಳಿದುಬಿಡುತ್ತವೆ. ಶರತ್ಕಾಲದಲ್ಲಿ ಗರಿ ಉದುರಿಸಿದ ಕೋಳಿಗೆ ಎರಡು ಮೂರು ತಿಂಗಳು ಬಿಡುವು ಕೊಡುವುದೇ ಸರಿಯೆಂಬುದು ಈ ಲೇಖಕನ ಅಭಿಪ್ರಾಯ. ಇಟ್ಟ ಮೊಟ್ಟೆಯನ್ನಂತೂ ಬೇಗ ಎತ್ತಿಕೊಳ್ಳಬೇಕು, ಇಲ್ಲದಿದ್ದರೆ ಅದು ಹೆಪ್ಪುಗಟ್ಟಿ ಸೀಳುತ್ತದೆ.

ಹೀಟ್ ಲ್ಯಾಂಪ್ ಬೇಡ

250 ವ್ಯಾಟ್‌ನ ಕೆಂಪು ಹೀಟ್ ಲ್ಯಾಂಪ್, ಒಣ ಹೊಟ್ಟು, ತೇಲುವ ಧೂಳು, ರೆಕ್ಕೆ ಬಡಿಯುವ ಕೋಳಿ ಇವೆಲ್ಲ ಒಂದೇ ಮರದ ಗೂಡಿನಲ್ಲಿದ್ದರೆ ಬೆಂಕಿಗೆ ಬೇರೆ ನೆಪ ಬೇಕಿಲ್ಲ. ಅದಲ್ಲದೆ ಶಾಖಕ್ಕೆ ಒಗ್ಗಿದ ಕೋಳಿಗಳು, ಹಿಮಗಾಳಿಯ ರಾತ್ರಿ ವಿದ್ಯುತ್ ಹೋದಾಗ, ಚಳಿಗೆ ನಿಧಾನವಾಗಿ ಹೊಂದಿಕೊಂಡ ಕೋಳಿಗಳಿಗಿಂತ ಬೇಗ ಕುಸಿಯುತ್ತವೆ. ಮುದಿ ಅಥವಾ ಕಾಯಿಲೆಯ ಕೋಳಿಗೆ ಶಾಖ ಬೇಕೇಬೇಕೆಂದಾದರೆ ಗೋಡೆಗೆ ಕೂರಿಸುವ ಚಪ್ಪಟೆ ಹೀಟರ್ ಫಲಕ ಬಳಸುವುದು ಕ್ಷೇಮಕರ.

ಜುಟ್ಟಿನ ತುದಿ ಬಿಳಿಚಿ ಆಮೇಲೆ ಕಪ್ಪಾದರೆ ಉಜ್ಜಬಾರದು, ಬಿಸಿನೀರು ಹಾಕಬಾರದು, ಕತ್ತರಿಸಬಾರದು. ಸತ್ತ ಭಾಗ ತಾನಾಗಿ ಒಣಗಿ ಉದುರುತ್ತದೆ. ಕಾಲ್ಬೆರಳು ಊದಿದರೆ ಅಥವಾ ಕೋಳಿ ಮೇವು ಬಿಟ್ಟು ಮುದುಡಿ ಕುಳಿತರೆ ಪಶುವೈದ್ಯರಿಗೆ ತೋರಿಸಬೇಕು. ಏಕಾಏಕಿ ಹಲವು ಕೋಳಿಗಳು ಸತ್ತರೆ ಹಕ್ಕಿಜ್ವರದ ಶಂಕೆಯಿಂದ ಕೆನಡಾದ ಆಹಾರ ತಪಾಸಣಾ ಸಂಸ್ಥೆಗೆ ತಿಳಿಸಬೇಕು. ಕಾಡುಹಕ್ಕಿಗಳು ಇಳಿಯದಂತೆ ಮೇವನ್ನು ಸೂರಿನಡಿ ಇಡುವುದು, ಗೂಡಿಗೆಂದೇ ಬೇರೆ ಬೂಟು ಇಟ್ಟುಕೊಳ್ಳುವುದು ಇದೇ ಕಾರಣಕ್ಕೆ.

ಮಾರ್ಚ್ ಬಂತೆಂದು ಎಚ್ಚರ ತಪ್ಪಬಾರದು. ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುವ ಆ ವಾರಗಳಲ್ಲಿ ಜಾಲರಿ ಅಂಗಳ ಕೆಸರಾಗಿ ಹಾಸು ಬೇಗ ಒದ್ದೆಯಾಗುವುದರಿಂದ ಒಣ ಹೊಟ್ಟನ್ನು ಆಗಲೂ ಕೈಯಳತೆಯಲ್ಲಿ ಇಟ್ಟುಕೊಂಡಿರಬೇಕು. ಹಿಮವೆಲ್ಲ ಕರಗಿದ ಮೇಲೆ ಹಳೆಯ ಹಾಸನ್ನು ಬಳಿದು ತಿಪ್ಪೆಗೆ ಹಾಕಿ, ಕೆಲವು ತಿಂಗಳು ಕೊಳೆಯಲು ಬಿಟ್ಟು, ಆನಂತರವೇ ತರಕಾರಿ ಪಾತಿಗೆ ಹಾಕಬೇಕು. ಹಸಿ ಕೋಳಿಗೊಬ್ಬರ ಗಿಡದ ಬೇರನ್ನು ಸುಡುತ್ತದೆ.